ಬೆಂಡೆಯ ಲೋಳೆ, ಎಡ ಅಂಗೈ

೨೦೨೩ನೆಯ ಇಸವಿ. ಆಗ ನನಗೆ ಐವತ್ತೊಂದು ವರ್ಷ. ಶಿಗ್ಗಾಂವಿಯಲ್ಲಿ ನನ್ನ ಚರ್ಮರೋಗ ಚಿಕಿತ್ಸಾಲಯವಿತ್ತು; ಮಂಗಳವಾರ ಸವಣೂರಿನಲ್ಲಿ, ಗುರುವಾರ ಹಾನಗಲ್ಲಿನಲ್ಲಿ, ಶುಕ್ರವಾರ ಹಿರೇಕೆರೂರಿನಲ್ಲಿ ಬಾಡಿಗೆಯ ಕೋಣೆಗಳಲ್ಲಿ ಕುಳಿತು ರೋಗಿಗಳನ್ನು ನೋಡುತ್ತಿದ್ದೆ. ಈ ಬರಹಕ್ಕೆ ಕಾರಣವಾದ ಕೈಗಳನ್ನು ನಾನು ಮೊದಲು ನೋಡಿದ್ದು ಆಗಸ್ಟ್ ತಿಂಗಳ ಕೊನೆಯ ಒಂದು ಶುಕ್ರವಾರ, ಹಿರೇಕೆರೂರಿನ ಕೋಣೆಯಲ್ಲಿ.

ಬಂದವರು ಹಂಸಭಾವಿಯ ಕಡೆಯ ಒಬ್ಬ ಹೆಣ್ಣುಮಗಳು; ನಲವತ್ತೈದರ ಆಸುಪಾಸಿನವರು. ಬೆಂಡೆಯ ಸಂಕರಣ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಮಾಡುವ ಹೆಂಗಸರ ತಂಡಕ್ಕೆ ಅವರೇ ಮುಖ್ಯಸ್ಥೆ. ತಂಡದವರೆಲ್ಲ ಅವರನ್ನು ಹಿರಿಯಕ್ಕ ಎನ್ನುತ್ತಿದ್ದರು. ಇಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ. ಕ್ರಾಸಿಂಗ್ ಎಂದರೆ ಏನೆಂದು ಆ ಕೆಲಸ ನೋಡದವರಿಗೆ ಹೇಳಬೇಕು. ನಾಳೆ ಅರಳಲಿರುವ ಮೊಗ್ಗನ್ನು ಇಂದು ಮಧ್ಯಾಹ್ನ ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳ ಉಗುರಿನಿಂದ ಸುತ್ತಲೂ ಗೀರಿ, ಎಸಳಿನೊಂದಿಗೆ ಗಂಡು ಭಾಗವನ್ನು ಕಳಚಿ, ಉಳಿದ ಹೆಣ್ಣು ಭಾಗಕ್ಕೆ ಕಾಗದದ ಟೊಪ್ಪಿಗೆ ತೊಡಿಸಬೇಕು. ಮರುದಿನ ಬೆಳಗ್ಗೆ ಬೇರೆ ತಳಿಯ ಗಂಡು ಹೂವನ್ನು ತಂದು ಅದಕ್ಕೆ ಸವರಬೇಕು. ಉಗುರು ಒಂದಿಷ್ಟು ಆಳಕ್ಕೆ ಇಳಿದರೆ ಕಾಯಿಯೇ ಕಟ್ಟುವುದಿಲ್ಲ. ಮೇಲಾದರೆ ಗಂಡು ಭಾಗ ಉಳಿದು ಬೀಜ ಕೆಡುತ್ತದೆ. ಹಿರಿಯಕ್ಕನವರ ಉಗುರು ತಪ್ಪುತ್ತಿರಲಿಲ್ಲ ಎಂದು ಮುಂದೆ ಬೀಜದ ಏಜೆಂಟರೇ ನನಗೆ ಹೇಳಿದರು.

ಅವರ ಎರಡೂ ಕೈಗಳ ಬೆರಳ ತುದಿಗಳು ಕೆಂಪೇರಿ, ಹೊಟ್ಟೆದ್ದು, ಅಲ್ಲಲ್ಲಿ ಸೀಳಿದ್ದವು. ಎಡಗೈಯಲ್ಲಿ ಇನ್ನೊಂದು ವಿಶೇಷವಿತ್ತು. ಅಂಗೈಯ ನಟ್ಟನಡುವೆ, ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ದುಂಡನೆಯ ಜಾಗದಲ್ಲಿ ಚರ್ಮ ಹೊಳೆಯುತ್ತಿತ್ತು, ಬಿರಿದಿತ್ತು. ಬಲ ಅಂಗೈಯ ನಡು ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು.

"ಕೆರಿತೈತೋ ಉರಿತೈತೋ?" ಎಂದು ಕೇಳಿದವರು ನನ್ನ ಶುಶ್ರೂಷಕಿ. ಸವಣೂರಿನವರಾದ ಅವರು ನಾಲ್ಕೂ ಊರುಗಳಿಗೆ ನನ್ನೊಂದಿಗೆ ಬರುತ್ತಿದ್ದರು.

"ಉರಿರೀ ಸಿಸ್ಟರ. ಖಾರ ಕಲಸಿದ ಕೈ ಆದಂಗ ಆಗೇತಿ. ತೊಳದ್ರೂ ಹೋಗವಲ್ದು," ಎಂದರು ಹಿರಿಯಕ್ಕ. ಬಳಿಕ ನನ್ನ ಕಡೆ ತಿರುಗಿ, "ಸಾಹೇಬ್ರ, ಇದು ಮಂದಿಗೆ ಹತ್ತೂ ಬ್ಯಾನಿ ಏನ್ರಿ? ನನ್ನ ಕೈಯಾಗಿನ ಚಹಾ ತಗೊಳ್ಳಾಕ ಹೊಲದಾಗ ಹಿಂದ ಮುಂದ ನೋಡಾಕತ್ತಾರ."

ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ, ಶಿಲೀಂಧ್ರವಿರಲಿಲ್ಲ. ಕಜ್ಜಿಯೂ ಅಲ್ಲ. ಹತ್ತುವ ರೋಗವಲ್ಲವೆಂದು ಅವರಿಗೂ, ಅವರೊಂದಿಗೆ ಬಂದು ಬಾಗಿಲಲ್ಲಿ ನಿಂತಿದ್ದ ಏಜೆಂಟರಿಗೂ ಹೇಳಿದೆ. ಬೀಜದ ಕಂಪನಿಯ ಪರವಾಗಿ ಹೊಲಗಳನ್ನು ಗೊತ್ತುಮಾಡಿ, ತಂಡಗಳನ್ನು ನಡೆಸುವವರು ಆ ಏಜೆಂಟರು. ಅವರು ಕೆಟ್ಟವರಲ್ಲ, ಆದರೆ ಅವರಿಗೆ ಅವಸರವಿತ್ತು.

"ಹತ್ತೂದಲ್ಲ, ಅಡ್ಡಿ ಇಲ್ಲರಿ. ಖರೇ ಬೆಂಡಿಕಾಯಿ ಅಲರ್ಜಿ ಏನ್ರಿ ಇದು? ಅಲರ್ಜಿ ಇದ್ರ ಆಕಿ ಕೈ ಇನ್ನ ಬೆಂಡಿಗೆ ಬರೂದಿಲ್ಲ. ಮುಂದಿನ ಹಂಗಾಮಿಗೆ ಬ್ಯಾರೆದಾಕಿನ್ನ ತಯಾರ ಮಾಡಬೇಕಾಗತೈತಿ."

ಹಿರಿಯಕ್ಕ ತಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ನನಗ ಬರೂದು ಇದೊಂದ ವಿದ್ಯಾರಿ," ಎಂದರು.

ಏಜೆಂಟರು ಕೇಳಿದ ಪ್ರಶ್ನೆ ಒರಟಾಗಿದ್ದರೂ ಸರಿಯಾಗಿಯೇ ಇತ್ತು. ನಮ್ಮ ಭಾಗದಲ್ಲಿ ಮೈಮೇಲೆ ಏನು ಎದ್ದರೂ ಅದಕ್ಕೆ ಅಲರ್ಜಿ ಎಂದೇ ಹೆಸರು. ವೈದ್ಯನಿಗೆ ಮಾತ್ರ ಅದು ಒಂದು ನಿರ್ದಿಷ್ಟ ಸ್ಥಿತಿ. ಅಲರ್ಜಿಯಲ್ಲಿ ದೇಹವು ಒಂದು ವಸ್ತುವನ್ನು ಮೊದಲ ಭೇಟಿಯಲ್ಲಿ ಗುರುತಿಟ್ಟುಕೊಳ್ಳುತ್ತದೆ. ಮುಂದೆ ಅದರ ಲವಲೇಶ ಕಂಡರೂ ರಕ್ತದ ಬಿಳಿಯ ಕಣಗಳು ಅದರ ಮೇಲೆ ಏರಿ ಬರುತ್ತವೆ. ಆ ನೆನಪು ಅಳಿಯುವುದಿಲ್ಲ. ಆದ್ದರಿಂದ ಪರಿಹಾರ ಒಂದೇ, ಆ ವಸ್ತುವನ್ನು ಜೀವಮಾನವಿಡೀ ಬಿಡುವುದು. ಆದರೆ ಉರಿಯೂತಕ್ಕೆ ಇನ್ನೊಂದು ದಾರಿಯೂ ಇದೆ. ಕೆರಳಿಸುವ ವಸ್ತುವೊಂದು ಮೇಲ್ಚರ್ಮದ ಕಣಗಳನ್ನೇ ನೇರವಾಗಿ ಗಾಯಗೊಳಿಸಿದರೆ, ಯಾವ ಹಳೆಯ ನೆನಪಿನ ಹಂಗೂ ಇಲ್ಲದೆ ಆ ಕಣಗಳೇ ಉರಿಯೂತವನ್ನು ಆರಂಭಿಸುತ್ತವೆ. ಅಂಥದ್ದಾದರೆ ವಸ್ತುವನ್ನಲ್ಲ, ಗಾಯವಾಗುವ ಬಗೆಯನ್ನು ತಪ್ಪಿಸಿದರೆ ಸಾಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಕೆಂಪು, ಹೊಟ್ಟು, ಸೀಳು. ಹಿರಿಯಕ್ಕನ ಪಾಲಿಗೆ ಮಾತ್ರ ಒಂದರಲ್ಲಿ ಕೆಲಸ ಹೋಗುತ್ತಿತ್ತು, ಇನ್ನೊಂದರಲ್ಲಿ ಉಳಿಯುತ್ತಿತ್ತು.

ಉತ್ತರ ಹೇಳಲು ಒಂದು ತಿಂಗಳು ಬೇಕೆಂದು ಏಜೆಂಟರಿಗೆ ತಿಳಿಸಿದೆ. ತಿಂಗಳಿನಲ್ಲಿ ಮುಗಿಯಲಿಲ್ಲ.

ಮೊದಲು ಮುಲಾಮು ಕೊಟ್ಟು ಹದಿನೈದು ದಿನ ಹೊಲಕ್ಕೆ ಹೋಗದಿರಲು ಹೇಳಿದೆ. ಕೈ ವಾಸಿಯಾಯಿತು. ಹೊಲಕ್ಕೆ ಮರಳಿದ ವಾರದೊಳಗೆ ಎಲ್ಲವೂ ಮೊದಲಿನಂತೆಯೇ ಮರಳಿತು. ಇದರಿಂದ ಕಾರಣ ಹೊಲದ ಕೆಲಸದಲ್ಲಿದೆ ಎಂದಷ್ಟೇ ತಿಳಿಯಿತು. ಆದ್ದರಿಂದ ಪಟ್ಟಿ ಪರೀಕ್ಷೆಗೆ ತೊಡಗಿದೆ. ಸಂದೇಹದ ವಸ್ತುಗಳನ್ನು ಚಿಕ್ಕ ಚಿಕ್ಕ ಬಟ್ಟಲುಗಳಲ್ಲಿ ಹಾಕಿ, ಅಂಟುಪಟ್ಟಿಯಿಂದ ಬೆನ್ನಿಗೆ ಅಂಟಿಸಿ, ಎರಡನೆಯ ದಿನ ಬಿಚ್ಚಿ ನೋಡಬೇಕು. ನಾಲ್ಕನೆಯ ದಿನ ಮತ್ತೊಮ್ಮೆ ನೋಡಬೇಕು. ಶುಕ್ರವಾರ ಅಂಟಿಸಿದರೆ ಭಾನುವಾರ ಬಿಚ್ಚುವುದಕ್ಕೆ ನಾನೇ ಹಿರೇಕೆರೂರಿಗೆ ಹೋಗಬೇಕು, ಮಂಗಳವಾರ ತೋರಿಸುವುದಕ್ಕೆ ಅವರು ಬಸ್ಸು ಹಿಡಿದು ಸವಣೂರಿಗೆ ಬರಬೇಕು. ಹಾಗೆಂದು ಗೊತ್ತುಮಾಡಿಕೊಂಡೆವು.

ಮೊದಲ ಸಲ ಪರೀಕ್ಷೆ ಕೆಟ್ಟಿತು. ಬೆನ್ನು ಬೆವರಬಾರದು, ಭಾರ ಹೊರಬಾರದು ಎಂದು ಹೇಳಿದ್ದೆ. ಭಾನುವಾರ ಹೋಗಿ ನೋಡಿದರೆ ಪಟ್ಟಿಯ ಅರ್ಧ ಭಾಗ ಕುಪ್ಪಸಕ್ಕೆ ಅಂಟಿತ್ತು.

"ಹೊಲಕ್ಕ ಹೋಗಿಲ್ರಿ ಸಾಹೇಬ್ರ, ದೇವರಾಣಿ," ಎಂದರು ಹಿರಿಯಕ್ಕ. "ಮನ್ಯಾಗ ಗೋವಿನಜೋಳದ ಚೀಲ ಮಳ್ಯಾಗ ತೋಯಾಕತ್ತಿದ್ವು. ಎರಡ ಚೀಲ ಒಳಗ ಇಟ್ಟೆ."

"ಎರಡ ಚೀಲ ಮತ್ತ ಭಾರ ಅಲ್ಲೇನ್ರಿ?" ಎಂದರು ಶುಶ್ರೂಷಕಿ.

"ನಮಗ ಅಲ್ರಿ."

ಸೆಪ್ಟೆಂಬರ್ ಕೊನೆಯಲ್ಲಿ ಎರಡನೆಯ ಸಲ ಅಂಟಿಸಿದೆ. ಎಳೆಯ ಬೆಂಡೆಯ ಕಾಯಿ, ಮೊಗ್ಗು, ಎಲೆ ಮೂರನ್ನೂ ಅರೆದು, ಮೇಲಿನ ಮುಳ್ಳುರೋಮಗಳು ಉಳಿಯದಂತೆ ತೆಳುಬಟ್ಟೆಯಲ್ಲಿ ಸೋಸಿ ತೆಗೆದ ಹಸಿಯ ರಸ ಒಂದು ಬಟ್ಟಲಿನಲ್ಲಿ. ರೂಢಿಯ ಅಲರ್ಜಿಕಾರಕ ವಸ್ತುಗಳು ಉಳಿದವುಗಳಲ್ಲಿ. ಭಾನುವಾರ ಬಿಚ್ಚಿದಾಗ ಉಳಿದ ಬಟ್ಟಲುಗಳ ಕೆಳಗೆ ಏನೂ ಇರಲಿಲ್ಲ. ಬೆಂಡೆಯ ರಸವಿದ್ದ ಜಾಗ ಮಾತ್ರ ಕೆಂಡದಂತೆ ಕೆಂಪಾಗಿತ್ತು.

ಪುಸ್ತಕದ ಪ್ರಕಾರ ಇಲ್ಲಿಗೆ ಉತ್ತರ ಸಿಕ್ಕಿತ್ತು. ಬೆಂಡೆಯ ಅಲರ್ಜಿ; ಕೆಲಸ ಬಿಡಬೇಕು. ಹಿರಿಯಕ್ಕ ಕನ್ನಡಿಯಲ್ಲಿ ಬೆನ್ನನ್ನು ನೋಡಿಕೊಂಡು ಸೆರಗು ಹೊದ್ದುಕೊಂಡರು. ಅವರು ಕೇಳಿದ್ದರೆ ಬಹುಶಃ ನಾನು ಹೇಳಿಬಿಡುತ್ತಿದ್ದೆ.

ನನ್ನನ್ನು ತಡೆದದ್ದು ಆ ಗುರುತಿನ ಅಂಚು. ಅಲರ್ಜಿಯ ಗುರುತು ಬಟ್ಟಲಿನ ಗೆರೆಯನ್ನು ದಾಟಿ ಹರಡುತ್ತದೆ, ಕೆರೆಯುತ್ತದೆ, ಎರಡನೆಯ ದಿನಕ್ಕಿಂತ ನಾಲ್ಕನೆಯ ದಿನ ಜೋರಾಗುತ್ತದೆ. ಇದು ಬಟ್ಟಲಿನ ಅಚ್ಚಿನಂತೆ ದುಂಡಗಿತ್ತು. ಉರಿಯುತ್ತದೆ ಎಂದರೇ ಹೊರತು ಕೆರೆಯುತ್ತದೆ ಎನ್ನಲಿಲ್ಲ. ಮಂಗಳವಾರ ಸವಣೂರಿನಲ್ಲಿ ನೋಡಿದಾಗ ಅರ್ಧ ಇಳಿದಿತ್ತು. ಶಾಲೆಯಲ್ಲಿ ಸಹಪಾಠಿಗಳ ವಾಕ್ಯಗಳಲ್ಲಿ ತಪ್ಪು ಹುಡುಕಿ ಬೈಗುಳ ತಿಂದವನು ನಾನು. ಅಂಚು ಕೂಡದ ಉತ್ತರವನ್ನು ಒಪ್ಪಿಕೊಳ್ಳುವುದು ನನಗೆ ಈಗಲೂ ಆಗದು. ಈ ಒಬ್ಬರ ಬೆನ್ನನ್ನು ಮಾತ್ರ ನೋಡಿ ತೀರ್ಪು ಕೊಡಬಾರದೆಂದು ಅಂದು ನಿರ್ಧರಿಸಿದೆ. ಯಾವ ತೊಂದರೆಯೂ ಇಲ್ಲದವರ ಬೆನ್ನಿನ ಮೇಲೆ ಇದೇ ರಸ ಏನು ಮಾಡುತ್ತದೆ ಎಂದು ನೋಡಬೇಕಾಗಿತ್ತು.

ಬೆಂಡೆಕಾಯಿಯನ್ನು ಎಂದೂ ಮುಟ್ಟದವರನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಹುಡುಕಿ ತರುವುದು ಸಾಧ್ಯವಿರಲಿಲ್ಲ. ಮುಟ್ಟಿಯೂ ಏನೂ ಆಗದವರು ಸಾಕೆಂದು ಮೂವರನ್ನು ಆರಿಸಿದೆ: ನಾನು, ಶುಶ್ರೂಷಕಿ, ನನ್ನ ಹೆಂಡತಿ. ಏನಾಗಬಹುದೆಂದು ಇಬ್ಬರಿಗೂ ವಿವರವಾಗಿ ಹೇಳಿದೆ.

"ಹಚ್ರಿ ಸರ," ಎಂದರು ಶುಶ್ರೂಷಕಿ. "ಆದ್ರ ಬರೂ ವಾರ ನಮ್ಮನ್ಯಾಗ ಶಾದಿ ಐತಿ. ಬೆನ್ನ ಕೆಳಗ ಹಚ್ರಿ, ಕುಪ್ಪಸದಾಗ ಮುಚ್ಚತೈತಿ."

ಹೆಂಡತಿ ಇಷ್ಟು ಸುಲಭವಾಗಿ ಒಪ್ಪಲಿಲ್ಲ. "ಬೆಂಡಿಕಾಯಿ ಹೆಚ್ಚೂದೂ ನಾನ, ಬೆನ್ನಿಗೆ ಹಚ್ಚಿಸ್ಕೊಳ್ಳೂದೂ ನಾನ? ಇಪ್ಪತ್ತೈದು ವರ್ಷದಾಗ ನೀವು ಒಮ್ಮೆರ ಹೆಚ್ಚೀರೇನು?"

"ಅದಕ್ಕs ನಿನ್ನ ಸಾಕ್ಷಿ ನನ್ನ ಸಾಕ್ಷಿಗಿಂತ ದೊಡ್ಡದು," ಎಂದೆ.

"ಮಾತಿಗೇನು ಕಡಿಮಿ ಇಲ್ಲ," ಎನ್ನುತ್ತ ತಿರುಗಿ ಕುಳಿತಳು.

ಈ ಸಲ ರಸವನ್ನು ನಾಲ್ಕು ಬಗೆಯಾಗಿ ಮಾಡಿದೆ: ಹಸಿಯದು; ಒಂದು ಪಾಲಿಗೆ ಒಂಬತ್ತು ಪಾಲು ಲವಣಜಲ ಬೆರೆಸಿದ್ದು; ಅದಕ್ಕಿಂತ ಹತ್ತರಷ್ಟು ತೆಳುವಾದದ್ದು; ಕುದಿಸಿ ಆರಿಸಿದ್ದು. ನಮ್ಮ ಮೂವರ ಜೊತೆಗೆ ಹಿರಿಯಕ್ಕನ ಬೆನ್ನಿಗೂ, ಹಳೆಯ ಗುರುತು ಆರಿದ ಮೇಲೆ, ಅದೇ ನಾಲ್ಕನ್ನು ಅಂಟಿಸಿದೆ.

ಹಸಿಯ ರಸಕ್ಕೆ ನಾಲ್ವರ ಬೆನ್ನೂ ಕೆಂಪಾಯಿತು. ಅಂಚು ಎಲ್ಲರಲ್ಲಿಯೂ ದುಂಡಗೆ, ಖಚಿತವಾಗಿತ್ತು. ತೆಳುಮಾಡಿದ ಎರಡಕ್ಕೂ ಯಾರ ಬೆನ್ನೂ ಏಳಲಿಲ್ಲ, ಹಿರಿಯಕ್ಕನದೂ ಏಳಲಿಲ್ಲ. ಕುದಿಸಿದ ರಸದ ಕೆಳಗೆ ಎಲ್ಲರ ಚರ್ಮವೂ ಮೊದಲಿದ್ದಂತೆಯೇ ಇತ್ತು. ಅಲರ್ಜಿಯಿದ್ದವರು ತೆಳುವಾದ ರಸಕ್ಕೂ ಸ್ಪಂದಿಸಬೇಕಾಗಿತ್ತು. ಅಂದರೆ ಹಿರಿಯಕ್ಕನ ದೇಹದಲ್ಲಿ ಬೆಂಡೆಯ ವಿರುದ್ಧ ಯಾವ ವಿಶೇಷ ನೆನಪೂ ಇರಲಿಲ್ಲ. ಬೆಂಡೆಯ ಹಸಿಯ ಲೋಳೆಯಲ್ಲಿ ಪ್ರೋಟೀನನ್ನು ಸೀಳುವ ಕಿಣ್ವಗಳಿವೆ. ಕುದಿಸಿದರೆ ಅವು ಕೆಡುತ್ತವೆ. ಆ ಕಿಣ್ವಗಳನ್ನು ಎರಡು ದಿನ ಮುಚ್ಚಿಟ್ಟರೆ ಯಾರ ಚರ್ಮವಾದರೂ ಕೆರಳುತ್ತದೆ.

ಮೇಲ್ಚರ್ಮದ ಕಣಗಳನ್ನು ನಾನು ಓದುತ್ತಿದ್ದ ಕಾಲದಲ್ಲಿ ಗೋಡೆಯ ಇಟ್ಟಿಗೆಗಳೆಂದು ಕಲಿಸುತ್ತಿದ್ದರು. ಅವು ಕೇವಲ ತಡೆಯುತ್ತವೆ, ಜಗಳ ಮಾಡುವುದು ರಕ್ತದ ಕಣಗಳು ಎಂಬುದು ಆಗಿನ ಪಾಠ. ಈಗ ತಿಳಿದಿರುವುದು ಬೇರೆ. ಪ್ರತಿಯೊಂದು ಮೇಲ್ಚರ್ಮದ ಕಣವೂ ಇಂಟರ್‌ಲ್ಯೂಕಿನ್-೧ ಆಲ್ಫಾ ಎಂಬ ಎಚ್ಚರಿಕೆಯ ವಸ್ತುವನ್ನು ಮೊದಲೇ ತಯಾರಿಸಿ ಒಡಲಲ್ಲಿ ಇಟ್ಟುಕೊಂಡಿರುತ್ತದೆ. ಕಣದ ಪೊರೆ ಹರಿದರೆ ಅದು ಹೊರಚೆಲ್ಲುತ್ತದೆ. ಪಕ್ಕದ ಕಣಗಳು ಅದನ್ನು ಗ್ರಹಿಸಿ ತಾವೂ ಹೊಸದಾಗಿ ಇಂಥ ವಸ್ತುಗಳನ್ನು ಸುರಿಯತೊಡಗುತ್ತವೆ. ಕಿಣ್ವಗಳ ಕಡಿತವನ್ನು ಗುರುತಿಸುವ ಗ್ರಾಹಕಗಳೂ ಆ ಕಣಗಳ ಮೇಲಿವೆ. ಅವು ಕೆರಳಿದರೆ ಕೂಗು ಇನ್ನಷ್ಟು ಹೆಚ್ಚುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಬಿಳಿಯ ಕಣಗಳು ಬರುತ್ತವೆ. ಅವು ಬರುವುದು ಚರ್ಮದ ಕಣಗಳ ಕರೆಯಿಂದ. ಉರಿಯೂತದ ಮೊದಲ ಮಾತು ಚರ್ಮದ್ದೇ.

ಇಷ್ಟರಿಂದ ಅರ್ಧ ಪ್ರಶ್ನೆ ಮಾತ್ರ ಬಗೆಹರಿಯಿತು. ಹೊಲದಲ್ಲಿ ಯಾರೂ ಲೋಳೆಯನ್ನು ಎರಡು ದಿನ ಮುಚ್ಚಿಟ್ಟುಕೊಳ್ಳುವುದಿಲ್ಲ. ತಂಡದ ಬೇರೆ ಹೆಂಗಸರ ಬೆರಳುಗಳಲ್ಲಿ ಅಲ್ಪಸ್ವಲ್ಪ ಒರಟುತನ ಬಿಟ್ಟರೆ ಏನೂ ಇರಲಿಲ್ಲ. ಒಬ್ಬರಿಗೇ ಏಕೆ? ಮೊಗ್ಗನ್ನು ಹಿಡಿಯುವ ಬೆರಳುಗಳು ಸರಿ, ಮೊಗ್ಗು ಅಷ್ಟಾಗಿ ತಾಗದ ಎಡ ಅಂಗೈಯ ನಡುವಿಗೆ ಏಕೆ? ಅದನ್ನು ಹೇಳಲಾಗದಿದ್ದರೆ ಅಲರ್ಜಿಯಲ್ಲ ಎಂಬ ನನ್ನ ಮಾತಿನಿಂದ ಹಿರಿಯಕ್ಕನಿಗೆ ಯಾವ ಉಪಯೋಗವೂ ಇರಲಿಲ್ಲ. ಅದೇ ಕೈ, ಅದೇ ಹೊಲ, ಅದೇ ಉರಿ.

ಅಕ್ಟೋಬರ್ ನಡುವಿನ ಒಂದು ಶುಕ್ರವಾರ, ಕ್ರಾಸಿಂಗ್ ಮುಗಿಯಲು ಕೆಲವೇ ದಿನಗಳಿರುವಾಗ, ಹಿರೇಕೆರೂರಿನ ರೋಗಿಗಳನ್ನು ಬೇಗ ಮುಗಿಸಿ ಆ ಹೊಲಕ್ಕೆ ಹೋದೆ. ಏಜೆಂಟರು ಬದುವಿನ ಮೇಲೆ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ನಾನು ಕುಳಿತುಕೊಳ್ಳದೆ ಸಾಲಿನಲ್ಲಿ ಹಿರಿಯಕ್ಕನ ಹಿಂದೆ ನಡೆದೆ.

"ಸಾಹೇಬ್ರ, ಹಿಂದ ನಿಂತ ನೋಡಿದ್ರ ನನ್ನ ಉಗುರು ತಪ್ಪತೈತಿ. ಮುಂದರ ಬರ್ರಿ," ಎಂದರು ಅವರು. ಉಳಿದವರು ನಕ್ಕರು. "ಡಾಕ್ಟ್ರಿಗೂ ಒಂದ ಸಾಲ ಹಚ್ಚಿಕೊಡ್ರಿ ಹಿರೇಕ್ಕಾ, ನಮ್ಮ ಕೆಲಸ ಲಗೂನ ಮುಗೀತೈತಿ," ಎಂದು ಯಾರೋ ಸಾಲಿನಾಚೆಯಿಂದ ಕೂಗಿದರು.

ಕೆಲಸದಲ್ಲಿ ಅವರ ಕೈಗೂ ಉಳಿದವರ ಕೈಗೂ ನನಗೆ ಯಾವ ಭೇದವೂ ಕಾಣಲಿಲ್ಲ. ಭೇದ ಕಂಡದ್ದು ಕೆಲಸ ಮುಗಿದ ಮೇಲೆ. ಉಳಿದವರು ನೀರಿನ ತೊಟ್ಟಿಯಲ್ಲಿ ಕೈ ಅದ್ದಿ, ಸೀರೆಗೆ ಒರೆಸಿಕೊಂಡು ಟೆಂಪೋ ಹತ್ತಿದರು. ಹಿರಿಯಕ್ಕ ಹಾಗೆ ಮಾಡಲಿಲ್ಲ. ಸೊಂಟದ ಚೀಲದಿಂದ ಒಂದು ಉಂಡೆಯನ್ನು ತೆಗೆದು ಎರಡೂ ಕೈಗಳಿಗೆ ತಿಕ್ಕಿದರು. ಬಳಿಕ ಬಲಗೈಯ ಬೆರಳುಗಳನ್ನು ಒಟ್ಟಿಗೆ ಹಿಡಿದು ಎಡ ಅಂಗೈಯ ನಡುವೆ ಆ ಉಂಡೆಯನ್ನು ಸುತ್ತು ಸುತ್ತಾಗಿ, ತಾಮ್ರದ ಚೆಂಬು ಬೆಳಗುವಂತೆ, ಬಹಳ ಹೊತ್ತು ಉಜ್ಜಿದರು.

"ಏನ್ರಿ ಅದು?"

"ಹುಣಸಿಹಣ್ಣು ಉಪ್ಪುರಿ. ಲೋಳಿ ನೀರಿಗೆ ಹೋಗೂದಿಲ್ಲಲ್ರಿ."

"ಉಳಿದವರು ನೀರಿನಾಗs ತೊಳಕೊಂಡ್ರಲ್ಲ?"

ಅವರು ಉಜ್ಜುವುದನ್ನು ನಿಲ್ಲಿಸಿ ಹೇಳಿದರು. "ಅವರೂ ಲಿಂಗ ಕಟ್ಟಿದವರs. ಅವರು ಮುಂಜೇಲಿ ಮಾಡ್ಕೊಂಡ ಬರ್ತಾರ. ನಂದು ಸಂಜೀ ಪೂಜಿ, ನಮ್ಮವ್ವಂದೂ ಹಂಗs ಇತ್ತು. ಲೋಳಿ ಕೈಯಾಗ ಲಿಂಗ ಹ್ಯಾಂಗ ಹಿಡೀಲಿರಿ? ಜಾರಿದ್ರ?"

ಇಷ್ಟಲಿಂಗವನ್ನು ಎಡ ಅಂಗೈಯ ನಡುವೆ ಇಟ್ಟುಕೊಂಡು ಪೂಜಿಸುತ್ತಾರೆ ಎಂಬುದು ನನಗೆ ತಿಳಿಯದ ವಿಷಯವೇನೂ ಅಲ್ಲ. ಓರಗೆಯವರ ಮನೆಗಳಲ್ಲಿ ಚಿಕ್ಕಂದಿನಿಂದ ಕಂಡದ್ದು. ಆದರೆ ನಾನು ನೋಡುತ್ತಿದ್ದದ್ದು ರೋಗಿಯ ಕೈ. ಅದು ಪೂಜೆಯ ಕೈಯೂ ಹೌದೆಂದು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಲಿಂಗದ ಮೇಲಿನ ಕಪ್ಪು ಲೇಪವಾದ ಕಂತಿಯನ್ನೇ ಒಂದು ಕ್ಷಣ ಸಂದೇಹಿಸಿದೆ. ಅದಕ್ಕೆ ಅವಕಾಶವಿರಲಿಲ್ಲ: ಮುಲಾಮು ಹಚ್ಚಿ ಮನೆಯಲ್ಲಿದ್ದ ಹದಿನೈದು ದಿನವೂ ಪೂಜೆ ನಡೆದಿತ್ತಂತೆ, ಕೈ ವಾಸಿಯಾಗಿತ್ತು.

"ಈಗ ಅಂಗೈ ಒಡದದಲ್ಲರೀ, ಹೆಂಗ ಹಿಡೀತೀರಿ?"

"ಒಂದ ಬಿಲ್ವಪತ್ರಿ ಇಡ್ತೇನ್ರಿ. ಅದರ ಮ್ಯಾಲ ಲಿಂಗ ಇಡ್ತೇನಿ." ಬಳಿಕ, ನಾನು ಉಂಡೆಯನ್ನೇ ನೋಡುತ್ತಿರುವುದನ್ನು ಕಂಡು, "ಪಲ್ಯಾ ಮಾಡುವಾಗ ಲೋಳಿ ಮುರೀಲಿ ಅಂತ ಬೆಂಡಿಕಾಯಿಗೆ ಹುಣಸಿಹುಳಿ ಹಾಕ್ತೀವಲ್ರಿ. ಕೈಗೆ ಹಾಕಿದ್ರ ತಪ್ಪೇನ್ರಿ?"

"ಪಲ್ಯಾಕ್ಕ ಜೀವ ಇಲ್ರಿ ಅಕ್ಕಾರ," ಎಂದೆ.

ಹುಣಸೆಯ ಹುಳಿ ಚರ್ಮದ ಮೇಲ್ಪದರವನ್ನು ಮೆತ್ತಗಾಗಿಸುತ್ತದೆ, ಉಪ್ಪಿನ ಹರಳು ಅದನ್ನು ಕೆರೆದು ತೆಗೆಯುತ್ತದೆ. ಬೆಳಗ್ಗೆ ಆ ಬರಿಯ ಜಾಗಕ್ಕೆ ಲೋಳೆ ತಾಗಿದರೆ, ಬೇರೆಯವರ ಚರ್ಮ ಹೊರಗೇ ತಡೆಯುವಷ್ಟು ಅಲ್ಪ ಕಿಣ್ವವೂ ಜೀವಂತ ಕಣಗಳವರೆಗೆ ಇಳಿಯುತ್ತದೆ. ಉರಿದಷ್ಟೂ ಲೋಳೆ ಉಳಿದಿದೆಯೆಂದು ಅವರು ಮತ್ತಷ್ಟು ಉಜ್ಜುತ್ತಾರೆ. ಹೀಗಿರಬೇಕೆಂದು ನಾನು ಊಹಿಸಿದೆ. ಊಹೆಯನ್ನು ಸಾಬೀತುಪಡಿಸದೆ ಒಬ್ಬರ ಆಚರಣೆಯ ವಿಷಯದಲ್ಲಿ ಮಾತನಾಡುವುದು ಉಚಿತವಲ್ಲ. ಅವರ ಕೈಯಲ್ಲಿ ಮತ್ತೆ ಗಾಯ ಮಾಡಿ ಸಾಬೀತುಪಡಿಸುವುದು ಅದಕ್ಕಿಂತ ಅನುಚಿತ. ಆದ್ದರಿಂದ ನನ್ನ ಎರಡು ಮುಂಗೈಗಳನ್ನು ಬಳಸಿದೆ.

ಪ್ರತಿ ಸಂಜೆ ಎಡ ಮುಂಗೈಯ ಒಳಭಾಗದಲ್ಲಿ ಗುರುತು ಮಾಡಿದ ಜಾಗವನ್ನು ಹುಣಸೆಹಣ್ಣು ಉಪ್ಪಿನಿಂದ ಅವರು ಉಜ್ಜುವಷ್ಟೇ ಹೊತ್ತು ಉಜ್ಜಿದೆ. ಬಲ ಮುಂಗೈಯನ್ನು ನೀರಿನಲ್ಲಿ ಮಾತ್ರ ತೊಳೆದೆ. ಪ್ರತಿ ಬೆಳಗ್ಗೆ ಎರಡಕ್ಕೂ ಬೆನ್ನಿನ ಮೇಲೆ ಏನೂ ಮಾಡದಿದ್ದ, ಒಂದಕ್ಕೆ ಒಂಬತ್ತರ ಆ ತೆಳುರಸವನ್ನು ಸವರಿ, ಸ್ವಲ್ಪ ಹೊತ್ತಿನ ಬಳಿಕ ತೊಳೆದೆ. ಮೊಣಕೈಯ ಹತ್ತಿರ ಇನ್ನೊಂದು ಜಾಗವನ್ನು ಉಜ್ಜಿ, ಅದಕ್ಕೆ ರಸ ಸವರದೆ ಹಾಗೆಯೇ ಬಿಟ್ಟೆ.

"ಮುಂಜಾನೆ ಬೆಂಡಿಕಾಯಿ, ಸಂಜೀಕ ಹುಣಸಿಹುಳಿ," ಎಂದಳು ಹೆಂಡತಿ. "ಒಗ್ಗರಣಿ ಯಾವಾಗ ಹಾಕ್ತೀರಿ?"

ಒಂದು ವಾರ ಏನೂ ಆಗಲಿಲ್ಲ. ಹೊಲದಲ್ಲಿ ಕಂಡದ್ದನ್ನು ನಾನು ದೊಡ್ಡದು ಮಾಡಿದೆನೆಂದು ಅನ್ನಿಸಿತು. ಎರಡನೆಯ ವಾರದಲ್ಲಿ ಎಡ ಮುಂಗೈಯ ಜಾಗ ಮೊದಲು ಬಿಗಿಯಾಯಿತು, ಬಳಿಕ ಹೊಳೆಯಿತು, ಬಳಿಕ ಉರಿಯತೊಡಗಿತು. ಖಾರ ಕಲಸಿದ ಕೈ ಎಂದರೆ ಏನೆಂದು ಆಗ ತಿಳಿಯಿತು. ಬಲ ಮುಂಗೈ ಮೊದಲಿನಂತೆಯೇ ಇತ್ತು. ರಸ ಸವರದೆ ಉಜ್ಜಿದ ಜಾಗ ಒಣಗಿತ್ತೇ ಹೊರತು ಕೆಂಪಾಗಿರಲಿಲ್ಲ. ಬರಿಯ ಬೆಂಡೆಯಿಂದ ಆಗದ್ದು, ಬರಿಯ ಹುಣಸೆಯಿಂದ ಆಗದ್ದು, ಎರಡೂ ಕೂಡಿದಾಗ ಆಗಿತ್ತು. ಮುಂಗೈಯ ಚಿತ್ರ ತೆಗೆದಿಟ್ಟು, ಪರೀಕ್ಷೆಯನ್ನು ನಿಲ್ಲಿಸಿ, ಮುಲಾಮು ಹಚ್ಚಿಕೊಂಡೆ.

ನವೆಂಬರಿನಲ್ಲಿ ಹಿರಿಯಕ್ಕನನ್ನೂ ಏಜೆಂಟರನ್ನೂ ಒಟ್ಟಿಗೆ ಕೂಡಿಸಿ ವಿಷಯ ಹೇಳಿದೆ. ಇಂಟರ್‌ಲ್ಯೂಕಿನ್ನಿನ ಹೆಸರನ್ನು ತೆಗೆಯಲಿಲ್ಲ. ಗೋವಿನಜೋಳದ ಹೊಲಕ್ಕೆ ಹಂದಿ ಬರುವುದನ್ನು ಇಬ್ಬರೂ ಬಲ್ಲರು.

"ಬೇಲಿ ಗಟ್ಟಿ ಇದ್ರ ಹಂದಿ ಹೊರಗ ತಿರಗ್ಯಾಡಿ ಹೋಗ್ತದ. ಬೇಲಿ ನಾವs ಕಿತ್ತಿದ್ರ ಒಳಗ ಬರ್ತದ. ಅಟ್ಟದ ಮ್ಯಾಲಿನ ಕಾವಲಗಾರ ಕೂಗ್ತಾನ. ಊರ ಮಂದಿ ಬಡಿಗಿ ಹಿಡದು ಓಡಿ ಬರ್ತಾರ. ಈ ಕೈಯಾಗ ಆಗಿದ್ದು ಅದs. ಕೂಗಿದ್ದು ಚರ್ಮ."

"ಖರೇ ಅದರಿ. ಹಂದಿಗಿಂತ ಮಂದೀನs ಹೆಚ್ಚು ತುಳೀತಾರ," ಎಂದರು ಏಜೆಂಟರು.

ಹಿರಿಯಕ್ಕ ನಗಲಿಲ್ಲ. "ಹಂಗಂದ್ರ ಪೂಜಿ ಬಿಡಬೇಕೇನ್ರಿ, ಇಲ್ಲಾ ಬೆಂಡಿ ಬಿಡಬೇಕೇನ್ರಿ?"

"ಎರಡೂ ಬಿಡಬ್ಯಾಡ್ರಿ. ಹುಣಸಿಹಣ್ಣು ಬಿಡ್ರಿ."

"ಲೋಳಿ?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿದೆಯೆಂದು ತಿಳಿದಿದ್ದೆ. ಕೆಲಸಕ್ಕೆ ಮೊದಲು ಕೊಬ್ಬರಿ ಎಣ್ಣೆ ಸವರಿಕೊಂಡರೆ ಲೋಳೆ ಹಿಡಿಯುವುದಿಲ್ಲ ಎಂದೆ. ಏಜೆಂಟರು ಕುರ್ಚಿಯಿಂದ ಎದ್ದೇಬಿಟ್ಟರು. ಎಣ್ಣೆಯ ಬೆರಳು ಹೆಣ್ಣು ಹೂವಿನ ತುದಿಗೆ ತಾಗಿದರೆ ಪರಾಗ ನಿಲ್ಲುವುದಿಲ್ಲ, ಇಡೀ ಹೊಲ ಹಾಳು ಎಂದರು. ಕೈಗವಸು ಎಂದೆ. ಗವಸಿನೊಳಗಿನ ಉಗುರು ಮೊಗ್ಗನ್ನು ಗೀರುವುದಿಲ್ಲ ಎಂದರು ಹಿರಿಯಕ್ಕ. ಇಬ್ಬರ ಮಾತೂ ಸರಿ. ಶುಶ್ರೂಷಕಿ ಪೆಟ್ಟಿಗೆಯಿಂದ ನೈಟ್ರೈಲ್ ರಬ್ಬರಿನ ಒಂದು ಜೊತೆ ಗವಸು ತೆಗೆದು, ಹೆಬ್ಬೆರಳು ತೋರುಬೆರಳುಗಳ ತುದಿಗಳನ್ನು ಕತ್ತರಿಸಿ, ಹಿರಿಯಕ್ಕನ ಎರಡೂ ಕೈಗಳಿಗೆ ತೊಡಿಸಿದರು.

ಹಿರಿಯಕ್ಕ ಮೇಜಿನ ಮೇಲಿದ್ದ ಪೆನ್ನಿನ ಟೊಪ್ಪಿಗೆಯನ್ನು ಮೊಗ್ಗಿನಂತೆ ಹಿಡಿದು ಉಗುರು ಆಡಿಸಿ ನೋಡಿದರು. ಬಳಿಕ ಎಡಗೈಯನ್ನು ತೆರೆದು, ಗವಸು ಮುಚ್ಚಿದ ಅಂಗೈಯ ನಡುವನ್ನು ಬಹಳ ಹೊತ್ತು ನೋಡಿದರು.

"ಇಲ್ಲಿಗೆ ಲೋಳಿ ಬರೂದs ಇಲ್ಲ," ಎಂದರು.

"ಬರೂದಿಲ್ಲ."

"ಬರದಿದ್ರ ತಿಕ್ಕೂದ್ಯಾಕ?"

ಅಲ್ಲಿಗೆ ಮಾತು ಮುಗಿಯಿತು, ಪರೀಕ್ಷೆ ಉಳಿಯಿತು. ಮುಂದಿನ ಮುಂಗಾರಿನ ಹಂಗಾಮು ಪೂರ್ತಿ ಕೈ ನಿಂತರೆ ಮಾತ್ರ ನನ್ನ ಮಾತು ನಿಜವೆಂದು ಒಪ್ಪುವುದಾಗಿ ಏಜೆಂಟರು ಹೇಳಿದರು. ಅದಕ್ಕೆ ಮೊದಲು ಎರಡನೆಯವಳೊಬ್ಬಳನ್ನು ತಯಾರು ಮಾಡಿಡುವುದಾಗಿಯೂ ಹೇಳಿದರು. ಅದನ್ನು ನಾನು ತಪ್ಪೆನ್ನಲಾರೆ.

೨೦೨೪ರ ಆಗಸ್ಟಿನಲ್ಲಿ ಕ್ರಾಸಿಂಗ್ ಆರಂಭವಾಯಿತು. ಬೆವರು ನಿಂತು ಗವಸೇ ಕೆರಳಿಸದಂತೆ ಒಳಗೆ ತೆಳುವಾದ ಹತ್ತಿಯ ಗವಸನ್ನು ಸೇರಿಸಿದೆವು. ಕೆಲಸ ಮುಗಿದ ಮೇಲೆ ಎಣ್ಣೆ ಸವರಿ ಒರೆಸಿ, ಉಗುರುಬೆಚ್ಚಗಿನ ನೀರಿನಲ್ಲಿ ಬೆರಳ ತುದಿಗಳನ್ನು ತೊಳೆಯುವುದು. ಹೂವಿನ ಕೆಲಸ ಮುಗಿದಿರುವುದರಿಂದ ಆಗ ಎಣ್ಣೆಗೆ ಏಜೆಂಟರ ಆಕ್ಷೇಪವಿರಲಿಲ್ಲ. ನಾನು ಪ್ರತಿ ಶುಕ್ರವಾರ ಕೈ ನೋಡುತ್ತಿದ್ದೆ. ಸೆಪ್ಟೆಂಬರಿನ ಮಳೆಯಲ್ಲಿ ಒಂದು ಸಲ ಗವಸುಗಳು ಒಣಗದೆ, ಒಂದೆರಡು ದಿನ ಬರಿಗೈಯಲ್ಲಿ ಕೆಲಸ ನಡೆಯಿತು. ಆ ಶುಕ್ರವಾರ ಬೆರಳುಗಳು ತುಸು ಕೆಂಪಾಗಿದ್ದವು.

"ಹುಣಸಿಹಣ್ಣು?" ಎಂದು ಕೇಳಿದೆ.

"ಸಾರಿಗೆ ಮಾತ್ರ ಹಾಕೇನ್ರಿ," ಎಂದರು ಹಿರಿಯಕ್ಕ.

ಮುಂದಿನ ವಾರ ಕೆಂಪು ಹೋಗಿತ್ತು. ಬೇಲಿಯಿದ್ದ ಹೊಲಕ್ಕೆ ಹಂದಿ ಬಂದು ತಿರುಗಿ ಹೋಗಿತ್ತು. ತಯಾರಾಗಿದ್ದ ಎರಡನೆಯವಳನ್ನು ಏಜೆಂಟರು ಪಕ್ಕದ ಟೊಮ್ಯಾಟೊ ಹೊಲಕ್ಕೆ ಕಳಿಸಿದರೆಂದು ತಿಳಿಯಿತು.

ಕೊನೆಯ ಹೂವಿನ ಕ್ರಾಸಿಂಗ್ ಮುಗಿಸಿ ಹಿರಿಯಕ್ಕ ನೇರವಾಗಿ ಹಿರೇಕೆರೂರಿನ ಕೋಣೆಗೆ ಬಂದರು. ಎಡಗೈಯನ್ನು ಮೇಜಿನ ಮೇಲೆ ತೆರೆದಿಟ್ಟರು. ಅಂಗೈಯ ನಡುವನ್ನು ಬೆರಳಿನಿಂದ ಒತ್ತಿ ನೋಡಿದೆ, ಎಳೆದು ನೋಡಿದೆ, ಭೂತಗನ್ನಡಿ ಹಿಡಿದು ನೋಡಿದೆ. ಗೆರೆಗಳು ಎಲ್ಲವೂ ಇದ್ದವು. ಬಿರುಕು ಒಂದೂ ಇರಲಿಲ್ಲ. ಬಿಲ್ವಪತ್ರೆಯನ್ನು ಈಗಲೂ ಇಡುತ್ತೀರೇ ಎಂದು ಕೇಳಿದೆ.

"ಕೆಳಗ ಇಡೂದಿಲ್ರಿ. ಮ್ಯಾಲ ಏರಸ್ತೇನಿ," ಎಂದರು.

ನಾನು ಬಾಗಿ ನೋಡುವಾಗ ನನ್ನ ಅಂಗಿಯ ತೋಳು ಮೇಲೆ ಸರಿದಿತ್ತು. ಹಿಂದಿನ ವರ್ಷ ಉಜ್ಜಿದ ಜಾಗದಲ್ಲಿ ಕಂದು ಬಣ್ಣದ ಕಲೆಯೊಂದು ಉಳಿದಿದೆ. ಚರ್ಮ ಒಮ್ಮೆ ಕೂಗಿದ್ದರ ಗುರುತು ಹಾಗೆ ಬೇಗನೆ ಹೋಗುವುದಿಲ್ಲ. ಅವರು ಅದರ ಮೇಲೆ ಬೆರಳಿಟ್ಟರು.

"ನಂದು ಹೋತು. ನಿಮ್ಮದು ಉಳೀತಲ್ರೀ ಸಾಹೇಬ್ರ."

ಏಜೆಂಟರು ಬಾಗಿಲಲ್ಲಿ ನಿಂತು, ಬೇಸಗೆಯ ಬೆಂಡೆಗೆ ತಂಡವನ್ನು ಯಾವಾಗ ಕರೆತರುತ್ತೀರಿ ಎಂದು ಹಿರಿಯಕ್ಕನನ್ನೇ ಕೇಳಿದರು. ಅದು ೨೦೨೪ನೆಯ ಇಸವಿಯ ಅಕ್ಟೋಬರ್ ೧೮, ಶುಕ್ರವಾರ.